ಯಂತ್ರ ಸತ್ತರೆ ಅಕ್ಷರ ಯಾಕೆ ಸಾಯಬೇಕು?

ಬೆಂಗಳೂರಿನಲ್ಲಿ ದುಡಿಯುತ್ತಿರುವ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹುಡುಗ ಹುಡುಗಿಯರ ಮುಂದೆ ಆಳಂದದ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತಿನ ಬರಹ ರೂಪ



ನಾನು ಭಾಷಣಕಾರನಲ್ಲ. ಆಳಂದದಲ್ಲಿ ಒಂದು ಪ್ರೆಸ್ಸು ಇಟ್ಟುಕೊಂಡವನು. ಓದಿದ್ದು ಪಿಯುಸಿ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಅಡತಿ ಅಂಗಡಿಯ ಬಿಲ್ ಬುಕ್, ಮಠದ ಪುರಾಣದ ಹ್ಯಾಂಡ್‌ಬಿಲ್, ಉರುಸಿನ ಪೋಸ್ಟರು, ಇವೇ ನನ್ನ ಸಾಹಿತ್ಯ. ಕನ್ನಡದ ಬಗ್ಗೆ ನಾಲ್ಕು ಮಾತಾಡಿ ಎಂದು ನಿಮ್ಮವರು ಕರೆದಾಗ ನಾನು ಅಂದೆ: ಬಾವುಟದ ಬಗ್ಗೆ, ನಾಮಫಲಕದ ಬಗ್ಗೆ ಮಾತಾಡುವವರು ಬಹಳ ಮಂದಿ ಇದ್ದಾರೆ. ನಾನು ಒಂದು ಬೀಗದ ಬಗ್ಗೆ ಮಾತಾಡುತ್ತೇನೆ. ಹೆಬ್ಬೆರಳಿನಷ್ಟು ದಪ್ಪದ ಬೀಗ. ಕನ್ನಡದ ಅಕ್ಷರಕ್ಕೆ ಹಾಕಿದ ಬೀಗ.

ನಿಮ್ಮಲ್ಲಿ ಅನೇಕರು ಅದನ್ನು ನೋಡಿರಲಿಕ್ಕಿಲ್ಲ. ನಮ್ಮ ಧಂದೆಯವರು ಅದಕ್ಕೆ ಲಾಕ್ ಅನ್ನುತ್ತಾರೆ, ಕಂಪನಿಯವರು ಡಾಂಗಲ್ ಅನ್ನುತ್ತಾರೆ. ಹಿಂದಿನದು ಇಪ್ಪತ್ತೈದು ಪಿನ್ನಿನದು. ಗಣಕಯಂತ್ರದ ಹಿಂಭಾಗದಲ್ಲಿ ಪ್ರಿಂಟರ್ ಸಿಕ್ಕಿಸುವ ಜಾಗದಲ್ಲಿ ಅದನ್ನು ಕೂರಿಸಿ, ಅದರ ಬೆನ್ನಿಗೆ ಪ್ರಿಂಟರ್ ವೈರು ಹಚ್ಚಬೇಕು. ಆಮೇಲಿನದು ಪೆನ್‌ಡ್ರೈವ್‌ನಂಥ ಯುಎಸ್‌ಬಿ ಲಾಕ್. ಕನ್ನಡದ ತಂತ್ರಾಂಶ ತೆರೆದುಕೊಳ್ಳುವಾಗ ಮೊದಲು ಆ ಲಾಕ್ ಅನ್ನು ಕೇಳುತ್ತದೆ: ಇದ್ದೀಯಾ? ಇದ್ದರೆ ಅಕ್ಷರ ಮೂಡುತ್ತದೆ. ಇಲ್ಲದಿದ್ದರೆ ನೀವು ಕೊಟ್ಟ ಸಾವಿರಾರು ರೂಪಾಯಿ, ಇಪ್ಪತ್ತು ವರ್ಷ ಟೈಪ್ ಮಾಡಿಟ್ಟ ಕೆಲಸ, ಎಲ್ಲ ಕತ್ತಲು.

ಈಗ ಕೇಳಿ. ಯಂತ್ರ ಎಂಬುದು ಎಂದಾದರೂ ಒಂದು ದಿನ ಸಾಯುವಂಥದ್ದು. ಅದರಲ್ಲೂ ನಮ್ಮ ಸೀಮೆಯಲ್ಲಿ! ಏಪ್ರಿಲ್, ಮೇ ತಿಂಗಳ ಕಲಬುರಗಿ ಬಿಸಿಲು ನಿಮಗೆ ಹೊಸದಲ್ಲ. ತಗಡಿನ ಕೆಳಗಿನ ಪ್ರೆಸ್ಸಿನಲ್ಲಿ ಮನುಷ್ಯನೇ ಬೇಯುತ್ತಾನೆ, ಇನ್ನು ಎಸ್‌ಎಂಪಿಎಸ್ ಏನು ತಡೆದೀತು? ಮೇಲೆ ಕರೆಂಟಿನ ಏರಿಳಿತ. ಪಂಪ್‌ಸೆಟ್ ಚಾಲೂ ಆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಬಂದಾದ ಕೂಡಲೇ ಚಿಮ್ಮುತ್ತದೆ. ಅದರ ಮೇಲೆ ಕರಿಮಣ್ಣಿನ ಧೂಳು. ಆದ್ದರಿಂದ ಪ್ರಶ್ನೆ ಯಂತ್ರ ಸಾಯುತ್ತದೆಯೋ ಇಲ್ಲವೋ ಎಂಬುದಲ್ಲ. ಸತ್ತ ಮೇಲೆ, ನೀವು ದುಡ್ಡು ಕೊಟ್ಟು ತಂದ ತಂತ್ರಾಂಶ ಹೊಸ ಯಂತ್ರಕ್ಕೆ ಬರುತ್ತದೆಯೋ ಇಲ್ಲವೋ?

ಮೊಳೆಯ ಕಾಲದಲ್ಲಿ

ನಮ್ಮಪ್ಪನದು ಟ್ರೆಡಲ್ ಮಷಿನ್. ಕಾಲಲ್ಲಿ ತುಳಿಯುವುದು. ಕನ್ನಡದ ಅಚ್ಚುಮೊಳೆಗಳನ್ನು ತೂಕದ ಲೆಕ್ಕದಲ್ಲಿ ತರುತ್ತಿದ್ದರು. ಸವೆದ ಮೊಳೆಯನ್ನು ಮತ್ತೆ ತೂಕಕ್ಕೆ ಹಾಕಿ ಹೊಸದು ತರುತ್ತಿದ್ದರು. ಟ್ರೆಡಲಿನ ಗಾಲಿ ಮುರಿದರೆ ಏನಾಗುತ್ತಿತ್ತು? ಕಂಪೋಸ್ ಮಾಡಿದ ಪುಟವನ್ನು ಹಾಗೇ ಬಿಗಿದು, ಇಬ್ಬರು ಹಿಡಿದುಕೊಂಡು ಪಕ್ಕದ ಓಣಿಯ ಪ್ರೆಸ್ಸಿಗೆ ಒಯ್ದು ಅಚ್ಚು ಹಾಕಿಸಿಕೊಂಡು ಬರುತ್ತಿದ್ದರು. ಮೊಳೆ ಎರಕ ಹೊಯ್ದವನು ಬಂದು, "ಏಯ್, ಈ ಮೊಳೆ ಆ ಮಷಿನ್ನಿಗೆ ಮಾತ್ರ ಕೊಟ್ಟಿದ್ದೆ, ಈ ಮಷಿನ್ನಿನಲ್ಲಿ ಹೇಗೆ ಹಾಕಿದೆ?" ಎಂದು ಕೇಳುತ್ತಿರಲಿಲ್ಲ. ಸೀಸ ನಮ್ಮದು, ಅಕ್ಷರ ನಮ್ಮದು.

1990ರ ದಶಕದಲ್ಲಿ ಡಿಟಿಪಿ ಬಂತು. ಪೇಜ್‌ಮೇಕರ್ ಎಂಬ ಪುಟ ಕಟ್ಟುವ ತಂತ್ರಾಂಶ, ಅದರ ಜೊತೆಗೆ ಒಂದು ಕನ್ನಡದ ತಂತ್ರಾಂಶ. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನವರ ಶ್ರೀಲಿಪಿ, ಬೆಂಗಳೂರಿನ ಸೈಬರ್‌ಸ್ಕೇಪ್‌ನವರ ಆಕೃತಿ, ಕೇಂದ್ರ ಸರ್ಕಾರದ ಸಿಡ್ಯಾಕ್‌ನ ಐಎಸ್‌ಎಂ, ಹೀಗೆ ಬೇರೆ ಬೇರೆ. ಇವರ ಕೆಲಸವನ್ನು ನಾನು ಸಣ್ಣದು ಮಾಡುವುದಿಲ್ಲ. ಒತ್ತಕ್ಷರ, ಗುಣಿತ, ಅರ್ಕಾವತ್ತು ಎಲ್ಲವನ್ನೂ ಗಣಕಯಂತ್ರಕ್ಕೆ ಕಲಿಸಿದ ಪುಣ್ಯಾತ್ಮರು ಅವರು. ಒಂದು ಪ್ರತಿ ಕೊಂಡು ಹತ್ತು ಪ್ರೆಸ್ಸಿಗೆ ಹಂಚುವ ನಮ್ಮ ಚಾಳಿಯನ್ನು ಕಂಡೇ ಅವರು ಬೀಗ ಹಾಕಿದರು. ಅವರಿಗೂ ಹೊಟ್ಟೆ ಇದೆ. ಆ ಮಟ್ಟಿಗೆ ಬೀಗ ತಪ್ಪಲ್ಲ ಎಂದೇ ನನ್ನ ಅಭಿಪ್ರಾಯ, ನೀವು ಬೇಕಾದರೆ ಜಗಳಾಡಿ.

ತಪ್ಪು ಇನ್ನೊಂದು ಕಡೆ ಇದೆ. ಒಬ್ಬೊಬ್ಬರೂ ತಮ್ಮದೇ ಗುಪ್ತ ಸಂಕೇತದಲ್ಲಿ ಕನ್ನಡ ಬರೆದರು. ಫಾಂಟಿನ ಒಳಗೆ ಇಂಗ್ಲಿಷ್ ಅಕ್ಷರದ ಗೂಡಿನಲ್ಲಿ ಕನ್ನಡದ ತುಂಡುಗಳನ್ನು ಇಟ್ಟರು. ಒಬ್ಬನ ಗೂಡಿನ ಕ್ರಮ ಇನ್ನೊಬ್ಬನಿಗೆ ಇಲ್ಲ. ಆಮೇಲೆ ಬಂದ ಸರ್ಕಾರದ ನುಡಿಯ ಹಳೆಯ ಫಾಂಟಿನದೂ ಇದೇ ಉಪಾಯ. ಅದರಲ್ಲಿ "ಕನ್ನಡ" ಎಂದು ಬರೆದು ಫಾಂಟ್ ಕಿತ್ತು ನೋಡಿ. ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಗೀಟು ಹೊತ್ತ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಹಣದ ಗುರುತು! ನಮ್ಮ "ಕನ್ನಡ" ಎಂಬ ಪದದ ಹೊಟ್ಟೆಯಲ್ಲಿ ಪೌಂಡ್ ಕೂತಿದೆ. ನಗಬೇಕೋ ಅಳಬೇಕೋ ನೀವೇ ಹೇಳಿ.

ಹಾಗಾಗಿ ಬೀಗ ಒಂದಲ್ಲ, ಎರಡು. ತಂತ್ರಾಂಶಕ್ಕೆ ಒಂದು, ಅದರಲ್ಲಿ ನೀವು ಬರೆದ ಬರಹಕ್ಕೆ ಇನ್ನೊಂದು. ಮೊದಲನೆಯದು ಕಂಪನಿಯ ಹಕ್ಕು ಅನ್ನೋಣ. ಎರಡನೆಯದು? ಬರಹ ನನ್ನದು, ನನ್ನ ಗಿರಾಕಿಯದು, ಮಠದ್ದು, ಕವಿಯದು. ಅದರ ಕೀಲಿ ಕಂಪನಿಯ ಕೈಯಲ್ಲಿ ಯಾಕೆ ಇರಬೇಕು?

ಮೂರು ತಾಲ್ಲೂಕು, ಮೂರು ಸಾವು

2018ರ ಬೇಸಿಗೆಯಲ್ಲಿ ನನ್ನ ಯಂತ್ರ ಹೋಯಿತು. ಎಕ್ಸ್‌ಪಿ ಹಾಕಿದ್ದ ಹಳೆಯದು, ಎಂಟೊಂಬತ್ತು ಸಾವಿರ ಕಡತ ಅದರಲ್ಲಿ. ರಿಪೇರಿಯ ಹುಡುಗ ಮುಚ್ಚಳ ಬಿಚ್ಚಿ ಮೂಸಿ ನೋಡಿದ.

"ಬೋರ್ಡ್ ಹೋಗ್ಯಾದ್ರಿ ಅಣ್ಣಾ. ಇದಕ್ಕ ಈಗ ಬೋರ್ಡ್ ಸಿಗಂಗಿಲ್ಲ. ಹೊಸಾದು ತಗೋರಿ."

"ಹೊಸದರಾಗ ಈ ಲಾಕ್ ಎಲ್ಲಿ ಹಚ್ಚಲಿ?"

"ಹೊಸದಕ್ಕ ಆ ಬಾಯೇ ಇರಂಗಿಲ್ರಿ."

ಅವನು ಹೇಳಿದ್ದು ನಿಜ. ಪ್ಯಾರಲಲ್ ಪೋರ್ಟ್ ಎಂಬ ಆ ಇಪ್ಪತ್ತೈದು ತೂತಿನ ಬಾಯಿ ಹೊಸ ಯಂತ್ರಗಳಲ್ಲಿ ಇಲ್ಲ. ಕಂಪನಿಗೆ ಫೋನ್ ಮಾಡಿದೆ. ಯಾವ ಕಂಪನಿ ಎಂದು ಹೇಳುವುದಿಲ್ಲ, ಕೇಳಬೇಡಿ. ಕನ್ನಡದ ಅಕ್ಷರ ಮಾರುವ ಕಂಪನಿಯಲ್ಲಿ ಕನ್ನಡ ಮಾತಾಡುವವರೊಬ್ಬರು ಸಿಗಲು ಮೂರು ಸಲ ಫೋನ್ ಮಾಡಬೇಕಾಯಿತು. ಮೊದಲು ಇಂಗ್ಲಿಷ್, ಆಮೇಲೆ ಹಿಂದಿ. ಕೊನೆಗೆ ಸಿಕ್ಕ ತಾಯಿ ಪಾಪ ಒಳ್ಳೆಯವರು. "ಆ ವರ್ಷನ್ ನಿಲ್ಲಿಸಿದ್ದೇವೆ ಸರ್, ಹೊಸದು ತಗೊಳ್ಳಿ" ಎಂದರು. ಹೊಸದರ ಬೆಲೆ ನಾನು ಕೊಳ್ಳಲಿದ್ದ ಯಂತ್ರದ ಬೆಲೆಗಿಂತ ಹೆಚ್ಚು. ಹಳೆಯ ಕಡತ ಹೊಸದರಲ್ಲಿ ಹಾಗ್ಹಾಗೇ ತೆರೆಯುತ್ತದೆ ಎಂಬ ಮಾತು ಕೊಡಲು ಅವರೂ ತಯಾರಿರಲಿಲ್ಲ.

ನಾನು ಕಲಬುರಗಿಯ ಗುಜರಿ ಅಂಗಡಿಗೆ ಹೋದೆ. ಆ ಬಾಯಿ ಇದ್ದ ಹಳೆಯ ಯಂತ್ರವೊಂದನ್ನು ಹುಡುಕಿ ತಂದೆ. ನನ್ನ ಹಾರ್ಡ್‌ಡಿಸ್ಕಿಗೆ ಏನೂ ಆಗಿರಲಿಲ್ಲ. ಬೋರ್ಡ್ ಸತ್ತರೂ ಡಿಸ್ಕ್ ಬದುಕಿರುವುದೇ ಹೆಚ್ಚು, ಇದು ನೆನಪಿಡಿ. ಗುಜರಿ ಯಂತ್ರದಲ್ಲಿ ಮೂಲ ಸಿಡಿಯಿಂದ ತಂತ್ರಾಂಶ ಹೊಸದಾಗಿ ಹಾಕಿ, ಲಾಕ್ ಹಚ್ಚಿ, ಕಡತ ತುಂಬಿದೆವು. ನಡೆಯಿತು. ನಮ್ಮ ಹುಡುಗರು ಆ ಯಂತ್ರಕ್ಕೆ ಅಜ್ಜ ಎಂದು ಹೆಸರಿಟ್ಟರು. ಅಜ್ಜನಿಗೆ ಇಂಟರ್ನೆಟ್ ಇಲ್ಲ, ಬೇರೆ ಕೆಲಸ ಇಲ್ಲ. ಹಳೆಯ ಕಡತ ತೆರೆಯುವುದು, ಹೊರಗೆ ತೆಗೆದು ಕೊಡುವುದು ಅಷ್ಟೇ.

ಅಫಜಲಪುರದ ಕಡೆಯ ನಮ್ಮ ಗೆಳೆಯನದು ಬೇರೆ ಕಥೆ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಬಂದದ್ದು ನಿಮಗೆ ಗೊತ್ತು. ನೀರು ಅಂಗಡಿಯೊಳಗೆ ಬಂತು. ಗಾಣಗಾಪುರಕ್ಕೆ ಬರುವ ಭಕ್ತರಿಗೆಂದು ಕನ್ನಡ, ಮರಾಠಿ ಎರಡರಲ್ಲೂ ದತ್ತಾತ್ರೇಯನ ಆರತಿ ಪುಸ್ತಕ ಹಾಕುತ್ತಿದ್ದವನು. ಯಂತ್ರವೂ ಹೋಯಿತು, ಲಾಕ್ ಕೂಡ ಕೆಸರಿನಲ್ಲಿ ಮುಳುಗಿತು. ಅವನು ಜಾಣ. ಕೆಸರು ತೊಳೆದು ಆ ಸತ್ತ ಲಾಕ್ ಎತ್ತಿಟ್ಟುಕೊಂಡ. ಕೊಂಡಾಗಿನ ಬಿಲ್ಲು ಮನೆಯ ಟ್ರಂಕಿನಲ್ಲಿ ಹೆಂಡತಿಯ ಸೀರೆಗಳ ಕೆಳಗೆ ಭದ್ರವಾಗಿತ್ತು. ಎರಡನ್ನೂ ಕೊರಿಯರ್ ಮಾಡಿದ. ರಿಪೇರಿ ಖರ್ಚು ಹಿಡಿದುಕೊಂಡು ಬದಲಿ ಲಾಕ್ ಕಳಿಸಿದರು. ಲಾಕ್ ಕೆಟ್ಟರೆ ಬದಲಿ ಸಿಗುವುದುಂಟು. ಲಾಕ್ ಕಳೆದುಹೋದರೆ ಸಾಮಾನ್ಯವಾಗಿ ತಂತ್ರಾಂಶವನ್ನೇ ಮತ್ತೆ ಕೊಳ್ಳಿ ಅನ್ನುತ್ತಾರೆ. ಕೆಟ್ಟ ಲಾಕ್ ಅನ್ನು ಕಸಕ್ಕೆ ಎಸೆದವರನ್ನು ನಾನು ನೋಡಿದ್ದೇನೆ. ಹತ್ತಾರು ಸಾವಿರ ರೂಪಾಯಿಯ ಕಸ!

ಜೇವರ್ಗಿಯದು ಪ್ರೆಸ್ಸಲ್ಲ, ಬೀಜ ಗೊಬ್ಬರದ ಅಂಗಡಿ. ಅಲ್ಲಿ ಹಾರ್ಡ್‌ಡಿಸ್ಕೇ ಹೋಯಿತು. ಲೆಕ್ಕದ ತಂತ್ರಾಂಶಕ್ಕೆ ಡಾಂಗಲ್ ಇಲ್ಲ, ಇಂಟರ್ನೆಟ್ಟಿನ ಮೂಲಕ ಯಂತ್ರದ ಗುರುತು ಹಿಡಿದು ಲೈಸೆನ್ಸ್ ಎಬ್ಬಿಸುವುದು. ಹಳೆಯ ಯಂತ್ರದಿಂದ ಬಿಡಿಸಿ ಹೊಸದಕ್ಕೆ ಹಾಕಲು ನೋಂದಾಯಿಸಿದ ಇಮೇಲ್ ಬೇಕು. ಆ ಇಮೇಲ್ ಯಾರದು? ಸಾವುಕಾರರದಲ್ಲ! ತಂತ್ರಾಂಶ ಹಾಕಿಕೊಟ್ಟ ಡೀಲರನ ಹುಡುಗನದು. ಆ ಹುಡುಗ ಕೆಲಸ ಬಿಟ್ಟು ಊರು ಬಿಟ್ಟು ಎಷ್ಟೋ ವರ್ಷ. ಅವನ ಫೋನ್ ನಂಬರೂ ಬದಲು. ತೊಗರಿ ರಾಶಿಯ ಹೊತ್ತು, ಅಂಗಡಿ ತುಂಬ ರೈತರು, ಉದ್ರಿಯ ಲೆಕ್ಕ ಯಂತ್ರದೊಳಗೆ. ಕೊನೆಗೆ ಅಂಗಡಿಯ ಹೆಸರಿನ ಬಿಲ್ಲು, ಜಿಎಸ್‌ಟಿ ನಂಬರು, ಲೆಟರ್‌ಹೆಡ್ಡಿನಲ್ಲಿ ಸಹಿ ಮಾಡಿದ ಅರ್ಜಿ, ಇಷ್ಟು ಕೊಟ್ಟು ಹದಿನೈದು ದಿನ ಓಡಾಡಿದ ಮೇಲೆ ಹೆಸರು ಬದಲಾಯಿತು. ಬ್ಯಾಕಪ್ ಪೆನ್‌ಡ್ರೈವ್ ಇದ್ದದ್ದರಿಂದ ಲೆಕ್ಕ ಉಳಿಯಿತು.

ಗೆಳೆಯರೇ, ಇವತ್ತು ಊರಿಗೆ ಫೋನ್ ಮಾಡಿ. ನಿಮ್ಮ ಅಪ್ಪಾಜಿಯ ಅಂಗಡಿಯ ತಂತ್ರಾಂಶ ಯಾರ ಇಮೇಲಿನಲ್ಲಿದೆ ಕೇಳಿ. "ಅದೇನೋ ಆ ಹುಡುಗ ಮಾಡ್ಯಾನ್" ಎಂಬ ಉತ್ತರ ಬಂದರೆ ಮುಂದಿನ ರಜೆಯ ಮೊದಲ ಕೆಲಸ ಅದೇ ಇರಲಿ.

ಕಾನೂನು ಏನು ಹೇಳುತ್ತದೆ?

ನಾನು ವಕೀಲನಲ್ಲ, ಆದರೆ ಅಚ್ಚು ಹಾಕುವವನಿಗೆ ಕೃತಿಸ್ವಾಮ್ಯದ ಕಾನೂನು ಸ್ವಲ್ಪ ಗೊತ್ತಿರಲೇಬೇಕು. 1957ರ ಕಾಯ್ದೆಗೆ 1994ರಲ್ಲಿ ಮಾಡಿದ ತಿದ್ದುಪಡಿ ಒಂದು ಒಳ್ಳೆಯ ಮಾತು ಸೇರಿಸಿತು. 52ನೇ ಕಲಮು ತೆಗೆದು ನೋಡಿ. ತಂತ್ರಾಂಶದ ಪ್ರತಿಯನ್ನು ನ್ಯಾಯವಾಗಿ ಇಟ್ಟುಕೊಂಡವನು, ಅದನ್ನು ಯಾವ ಉದ್ದೇಶಕ್ಕೆ ಕೊಟ್ಟಿದ್ದರೋ ಆ ಉದ್ದೇಶಕ್ಕೆ ಬಳಸಲು ಪ್ರತಿ ಮಾಡಿಕೊಳ್ಳಬಹುದು. ಕಳೆಯದಂತೆ, ಹಾಳಾಗದಂತೆ ಕಾಪಾಡಿಕೊಳ್ಳಲು ಬ್ಯಾಕಪ್ ಪ್ರತಿ ಇಟ್ಟುಕೊಳ್ಳಬಹುದು. ಹಾಗಾಗಿ ಮೂಲ ಸಿಡಿಯ ನಕಲು ಮಾಡಿಟ್ಟುಕೊಳ್ಳಲು ಯಾರಿಗೂ ಹೆದರಬೇಡಿ.

ಅದೇ ಕಾಯ್ದೆಯ 63ಬಿ ಕಲಮು ಇನ್ನೊಂದು ಮುಖ. ಕದ್ದ ಪ್ರತಿ ಎಂದು ಗೊತ್ತಿದ್ದೂ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ. "ಲಾಕ್ ಇಲ್ಲದೇ ನಡೆಸಿಕೊಡ್ತೀನಿ" ಎಂದು ಬರುವವರ ಕ್ರ್ಯಾಕ್ ಸಿಡಿಯ ಜೊತೆಗೆ ವೈರಸ್ಸೂ ಬರುತ್ತದೆ. ಲೈಸೆನ್ಸ್ ಇದ್ದವನು ಯಾಕೆ ಕಳ್ಳನ ಹಾಗೆ ಇರಬೇಕು? ಬಿಲ್ಲು ಹಿಡಿದು ಎದೆ ಕೊಟ್ಟು ಕೇಳಬೇಕು.

ಯುರೋಪಿನ ಸುದ್ದಿ ಒಂದು ಹೇಳುತ್ತೇನೆ. 2012ರ ಜುಲೈಯಲ್ಲಿ ಅಲ್ಲಿನ ನ್ಯಾಯಾಲಯ ಒರಾಕಲ್ ಕಂಪನಿ ಮತ್ತು ಯೂಸ್ಡ್‌ಸಾಫ್ಟ್ ಎಂಬವರ ಮೊಕದ್ದಮೆಯಲ್ಲಿ, ಕಾಲಮಿತಿ ಇಲ್ಲದೆ ಮಾರಿದ ತಂತ್ರಾಂಶದ ಲೈಸೆನ್ಸನ್ನು ಕೊಂಡವನು ಮತ್ತೊಬ್ಬನಿಗೆ ಮಾರಬಹುದು ಎಂದಿತು. ಹಾಗೆ ಮಾರುವವನು ತನ್ನ ಪ್ರತಿಯನ್ನು ಅಳಿಸಬೇಕು, ಅಷ್ಟೇ. ಅಲ್ಲಿ ಮತ್ತೊಬ್ಬನಿಗೆ ಮಾರುವ ಹಕ್ಕು ಇರುವಾಗ, ಇಲ್ಲಿ ನಮ್ಮದೇ ಮೇಜಿನ ಮೇಲಿನ ಹೊಸ ಯಂತ್ರಕ್ಕೆ ಸಾಗಿಸಲು ಕೈ ಮುಗಿದು ನಿಲ್ಲಬೇಕೆ?

ಹೊಸ ಯಂತ್ರಕ್ಕೆ ಸಾಗಿಸುವಾಗ

ಮೊದಲು ವಿಂಡೋಸಿನ ಮಾತು. ಯಂತ್ರದ ಜೊತೆಗೇ ಬಂದ ವಿಂಡೋಸ್ ಆ ಯಂತ್ರದ ಮದರ್‌ಬೋರ್ಡಿಗೆ ಕಟ್ಟಿದ ಕರು. ತಾಯಿ ಸತ್ತರೆ ಅದೂ ಹೋಯಿತು. ಪೆಟ್ಟಿಗೆಯಲ್ಲಿ ಬೇರೆಯಾಗಿ ಕೊಂಡ ರಿಟೇಲ್ ಲೈಸೆನ್ಸ್ ಆದರೆ ಹೊಸ ಯಂತ್ರಕ್ಕೆ ಒಯ್ಯಬಹುದು. ಬಿಲ್ಲಿನಲ್ಲಿ ಒಇಎಂ ಎಂದಿದೆಯೋ ರಿಟೇಲ್ ಎಂದಿದೆಯೋ ನೋಡಿ. ವಿಂಡೋಸ್ 10 ಬಂದ ಮೇಲೆ ಲೈಸೆನ್ಸನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಟ್ಟರೆ ಬೋರ್ಡ್ ಬದಲಿಸಿದಾಗ ಎಬ್ಬಿಸುವುದು ಸುಲಭ. ಯಂತ್ರ ಬದುಕಿರುವಾಗಲೇ ಜೋಡಿಸಬೇಕು, ಸತ್ತ ಮೇಲಲ್ಲ.

ಹಳೆಯ ಡಿಸ್ಕನ್ನು ಹಾಗೇ ಕಿತ್ತು ಹೊಸ ಬೋರ್ಡಿಗೆ ಹಚ್ಚಿ ಆನ್ ಮಾಡಿದರೆ ಸಾಲದೇ ಎಂದು ಕೇಳುತ್ತೀರಿ. ಎಕ್ಸ್‌ಪಿಯಲ್ಲಿ ಹಾಗೆ ಮಾಡಿದರೆ ಬಹಳ ಸಲ ನೀಲಿ ಪರದೆ ಬರುತ್ತದೆ. ದಾಟಿದರೂ, ಒಳಗಿನ ಸಾಮಾನು ಬದಲಾಗಿದೆ, ಮತ್ತೆ ಆಕ್ಟಿವೇಟ್ ಮಾಡು ಎನ್ನುತ್ತದೆ. ಡಿಸ್ಕನ್ನು ಯುಎಸ್‌ಬಿ ಕೇಸಿಂಗಿನಲ್ಲಿ ಹಾಕಿ ಕಡತಗಳನ್ನಷ್ಟೇ ತೆಗೆದುಕೊಳ್ಳಿ. ಹಳೆಯ ಅಗಲ ಪಟ್ಟಿಯ ಐಡಿಇ ಡಿಸ್ಕಿಗೆ ಬೇರೆ ಅಡಾಪ್ಟರ್ ಬೇಕು, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೇಳಿ ನೋಡಿ. ಕಡತದ ಜೊತೆಗೆ ಫಾಂಟ್ಸ್ ಎಂಬ ಪೆಟ್ಟಿಗೆಯನ್ನೂ ತಪ್ಪದೇ ತೆಗೆಯಿರಿ. ಫಾಂಟಿಲ್ಲದ ಹಳೆಯ ಕನ್ನಡ ಕಡತ ಹೆಣ.

ಪ್ಯಾರಲಲ್ ಲಾಕ್ ಇದ್ದವರು ಒಂದು ಮೋಸಕ್ಕೆ ಬೀಳಬೇಡಿ. ಯುಎಸ್‌ಬಿಯಿಂದ ಪ್ರಿಂಟರಿಗೆ ಹಾಕುವ ಕೇಬಲ್ ತಂದು ಅದರ ತುದಿಗೆ ಲಾಕ್ ಸಿಕ್ಕಿಸಿದರೆ ಕೆಲಸ ಆಗುವುದಿಲ್ಲ. ಅದು ಪ್ರಿಂಟರಿನ ಭಾಷೆ ಮಾತ್ರ ಮಾತಾಡುತ್ತದೆ. ಬೋರ್ಡಿನ ಒಳಗೆ ಕೂರಿಸುವ ಪ್ಯಾರಲಲ್ ಕಾರ್ಡ್ ಸಿಗುತ್ತದೆ, ಅದರಲ್ಲಿ ಕೆಲವು ಲಾಕ್ ನಡೆಯುತ್ತವೆ, ಕೆಲವು ಹಠ ಹಿಡಿಯುತ್ತವೆ. ಅಂಗಡಿಯವನಿಗೆ ವಾಪಸ್ ಮಾತು ಮಾಡಿಕೊಂಡೇ ತನ್ನಿ. ಇನ್ನು 64 ಬಿಟ್ಟಿನ ವಿಂಡೋಸು ಹಳೆಯ 16 ಬಿಟ್ಟಿನ ತಂತ್ರಾಂಶವನ್ನು ಮುಟ್ಟುವುದೇ ಇಲ್ಲ, ಹಳೆಯ ಲಾಕಿನ ಡ್ರೈವರನ್ನೂ ಸೇರಿಸಿಕೊಳ್ಳುವುದಿಲ್ಲ. ಆ ಬಾಗಿಲು ಮುಚ್ಚಿದೆ ಎಂದೇ ತಿಳಿಯಿರಿ.

ಯುಎಸ್‌ಬಿ ಲಾಕ್ ಇದ್ದವರಿಗೆ ಇನ್ನೊಂದು ದಾರಿ ಇದೆ. ಹೊಸ ಯಂತ್ರದೊಳಗೆ ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ, ಅದರೊಳಗೆ ಹಳೆಯ ವಿಂಡೋಸ್ ನಡೆಸಿ, ಲಾಕನ್ನು ಅದಕ್ಕೆ ಒಪ್ಪಿಸುವುದು. ಮನೆಯೊಳಗೊಂದು ಹಳೆಯ ಮನೆ ಕಟ್ಟಿದಂತೆ. ಅದಕ್ಕೂ ಆ ಹಳೆಯ ವಿಂಡೋಸಿನ ರಿಟೇಲ್ ಲೈಸೆನ್ಸ್ ಬೇಕು. ಎಕ್ಸ್‌ಪಿಗೆ ಕಂಪನಿಯ ರಕ್ಷಣೆ 2014ರ ಏಪ್ರಿಲಿಗೇ ನಿಂತಿದೆ, ಅದನ್ನು ಇಂಟರ್ನೆಟ್ಟಿಗೆ ಬಿಡಬೇಡಿ.

ಇನ್ನು ಕಂಪನಿಯೇ ಬಾಗಿಲು ಹಾಕಿದರೆ? ದೊಡ್ಡವರಲ್ಲೂ ಇದು ನಡೆದಿದೆ. ಅಡೋಬಿಯವರ ಸಿಎಸ್2 ಎಂಬ ತಂತ್ರಾಂಶಗಳಿಗೆ ಲೈಸೆನ್ಸ್ ಎಬ್ಬಿಸುತ್ತಿದ್ದ ಸರ್ವರು 2013ರ ಜನವರಿಯ ಹೊತ್ತಿಗೆ ನಿಂತಿತ್ತು. ಕೊಂಡವರು ಬಡಿದಾಡುವಂತಾಗಬಾರದೆಂದು, ಸರ್ವರ್ ಕೇಳದ ಬೇರೆ ಪ್ರತಿಯನ್ನು ಅವರೇ ಕೊಟ್ಟರು. ಅದು ಮರ್ಯಾದೆಯ ನಡೆ. ನಮ್ಮ ಕನ್ನಡದ ಅಕ್ಷರ ಮಾರಿದವರಿಂದಲೂ ನಾವು ಕೇಳಬೇಕಾದದ್ದು ಇದೇ: ವ್ಯಾಪಾರ ನಿಲ್ಲಿಸುತ್ತೀರಾ? ನಿಲ್ಲಿಸಿ. ಹೋಗುವಾಗ ಬೀಗ ತೆಗೆದು ಹೋಗಿ.

ಪೇಜ್‌ಮೇಕರಿನದೂ ಇದೇ ಹಾಡು. 2001ರ 7ನೇ ಆವೃತ್ತಿಯೇ ಕೊನೆಯದು. ಅದರ ಕಡತವನ್ನು ಇನ್‌ಡಿಸೈನ್ ಸಿಎಸ್6ವರೆಗೆ ತೆರೆಯುತ್ತಿತ್ತು. 2013ರಿಂದ ಬಂದ, ತಿಂಗಳ ಬಾಡಿಗೆಯ ಇನ್‌ಡಿಸೈನ್ ತೆರೆಯುವುದಿಲ್ಲ. ನಮ್ಮ ಮೂರು ತಾಲ್ಲೂಕಿನ ಪ್ರೆಸ್ಸುಗಳ ಹಳೆಯ ಕೆಲಸವೆಲ್ಲ ಪೇಜ್‌ಮೇಕರಿನಲ್ಲೇ ಬಿದ್ದಿದೆ.

ಉರ್ದು ಕಾಗದದ ಪಾಠ

ನಮ್ಮ ಆಳಂದ, ಅಫಜಲಪುರ, ಜೇವರ್ಗಿ 1948ರ ಸೆಪ್ಟೆಂಬರಿನವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದವು. ಕಚೇರಿ ಭಾಷೆ ಉರ್ದು. ಆ ಕಾಲದ ಹೊಲದ ಕಾಗದ ಇಂದಿಗೂ ಮನೆ ಮನೆಯಲ್ಲಿದೆ. ಮೊಮ್ಮಕ್ಕಳಿಗೆ ಓದಲು ಬರುವುದಿಲ್ಲ. ಉರ್ದು ಬಲ್ಲ ಹಿರಿಯರನ್ನು ಹುಡುಕಿಕೊಂಡು ಹೋಗಿ ಓದಿಸಬೇಕು. ಉರ್ದು ಓದುವವರು ನಮ್ಮಲ್ಲಿ ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ, ನನ್ನ ಪ್ರೆಸ್ಸಿನಲ್ಲೇ ಉರ್ದು ಲಗ್ನಪತ್ರಿಕೆ ಕೂರಿಸುವ ಭಾಯಿ ಇದ್ದಾರೆ. ಅವರ ಇನ್‌ಪೇಜ್ ತಂತ್ರಾಂಶಕ್ಕೂ ಲಾಕ್ ಇತ್ತು, ಅವರ ಗೋಳು ನನ್ನದಕ್ಕಿಂತ ಕಡಿಮೆಯದಲ್ಲ. ಆದರೆ ಒಬ್ಬ ಕಂಪನಿಯವನ ಗುಪ್ತ ಸಂಕೇತದಲ್ಲಿ ಬರೆದಿಟ್ಟ ಕನ್ನಡವನ್ನು ಮೂವತ್ತು ವರ್ಷ ಬಿಟ್ಟು ಓದಿ ಹೇಳುವ ಹಿರಿಯರು ಯಾವ ಓಣಿಯಲ್ಲಿ ಸಿಗುತ್ತಾರೆ?

ಇದಕ್ಕೆ ಮದ್ದು ಇಲ್ಲದಿಲ್ಲ. ಭಾರತೀಯ ಲಿಪಿಗಳಿಗೆ ಒಂದೇ ಸಂಕೇತ ಎಂದು ಸರ್ಕಾರವೇ 1991ರಲ್ಲಿ ಇಸ್ಕಿ ಎಂಬ ಮಾನಕ ಹೊರಡಿಸಿತ್ತು. ಅದೇ ವರ್ಷ ಯೂನಿಕೋಡಿನ ಮೊದಲ ಆವೃತ್ತಿ ಬಂತು, ಅದರಲ್ಲಿ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತು. ಪೌಂಡೂ ಇಲ್ಲ, ಪಿಯೂ ಇಲ್ಲ. "ಕನ್ನಡ" ಎಂದರೆ ಕ, ನ, ಅರ್ಧ ಮಾಡುವ ಗುರುತು, ಮತ್ತೆ ನ, ಡ. ಐದೇ ಐದು ಸಂಕೇತ, ಜಗತ್ತಿನ ಎಲ್ಲ ಯಂತ್ರದಲ್ಲೂ ಅವೇ ಐದು. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆಯಲ್ಲಿ ತುಂಗಾ ಎಂಬ ಕನ್ನಡ ಫಾಂಟೂ ಬಂತು. ಇವತ್ತು ನಿಮ್ಮ ಮೊಬೈಲಿನಲ್ಲಿ ಅವ್ವನಿಗೆ ಕಳಿಸುವ ಕನ್ನಡದ ಸಂದೇಶ ಯೂನಿಕೋಡ್. ಫೋನ್ ನೀರಿಗೆ ಬಿದ್ದು ಹೊಸ ಫೋನ್ ತಂದರೆ ಅಕ್ಷರಕ್ಕೆ ಲೈಸೆನ್ಸ್ ಕೇಳಿದವರುಂಟೇ?

ಇದಕ್ಕೆ ದುಡಿದವರನ್ನು ನೆನೆಯದೆ ಮುಂದೆ ಹೋಗಬಾರದು. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಕೊಟ್ಟರು. ಸರ್ಕಾರ ಒಪ್ಪಿಕೊಂಡ ನುಡಿಯ ಕೀಲಿಮಣೆಗೆ ಅದೇ ಬುನಾದಿ. ಶೇಷಾದ್ರಿವಾಸು 1998ರಲ್ಲಿ ಬರಹ ತಂತ್ರಾಂಶವನ್ನು ಹೊರತಂದು ಬಹಳ ವರ್ಷ ಪುಕ್ಕಟೆ ಹಂಚಿದರು. ಹೊರದೇಶಗಳಲ್ಲಿದ್ದ ಕನ್ನಡಿಗರೂ ಅದರಲ್ಲೇ ಕನ್ನಡ ಬರೆದರು. ಕನ್ನಡ ಗಣಕ ಪರಿಷತ್ತಿನವರು ಸರ್ಕಾರಕ್ಕಾಗಿ ನುಡಿಯನ್ನು ಮಾಡಿಕೊಟ್ಟರು, ಅದು ಉಚಿತ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ಕೂತು ಕನ್ನಡದ ತಂತ್ರಾಂಶಕ್ಕಾಗಿ ದನಿ ಎತ್ತಿದರು. ಸಾಹಿತಿಗಳಲ್ಲಿ ಇದನ್ನು ಊಟದ ಪ್ರಶ್ನೆಯಷ್ಟು ದೊಡ್ಡದು ಎಂದುಕೊಂಡವರು ಕಡಿಮೆ.

ನಾನು ಮಾಡಿದ್ದು ಇಷ್ಟು. ಅಜ್ಜನಲ್ಲಿ ಒಂದೊಂದೇ ಕಡತ ತೆರೆದು ಎರಡು ರೂಪದಲ್ಲಿ ಹೊರತೆಗೆಸಿದೆ. ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೆ ಫಾಂಟ್ ಒಳಗೊಂಡ ಪಿಡಿಎಫ್ ಒಂದು, ಬರೀ ಬರಹ ಇನ್ನೊಂದು. ಬರಹವನ್ನು ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿದೆವು. ನುಡಿ, ಬರಹದ ಹಳೆಯ ಬರವಣಿಗೆಗೆ ಉಚಿತ ಪರಿವರ್ತಕಗಳು ಸಿಗುತ್ತವೆ. ಬೇರೆ ಫಾಂಟಿಗೆ ಹುಡುಕಬೇಕು, ಸಿಗದಿದ್ದರೆ ಆ ಫಾಂಟಿನ ಪಟ್ಟಿ ನಾವೇ ಮಾಡಬೇಕು. ಪರಿವರ್ತಕ ದೇವರಲ್ಲ. ಅರ್ಕಾವತ್ತು ಜಿಗಿಯುತ್ತದೆ, ಒತ್ತು ಕೆಳಗೆ ಬೀಳುತ್ತದೆ, ಅಂಕಿ ಬದಲಾಗುತ್ತದೆ. ವಚನದ ಪುಸ್ತಕವೊಂದರಲ್ಲಿ "ಧರ್ಮ" ಎಂಬುದು ಇದ್ದಲ್ಲೆಲ್ಲ ಕೆಟ್ಟಿತ್ತು. ಪ್ರೂಫ್ ನೋಡದೆ ಅಚ್ಚಿಗೆ ಕೊಟ್ಟೀರಿ, ಹುಷಾರು! ಮೊದಲು ಇನ್ನೂ ಬೇಡಿಕೆ ಇರುವ ಪುಸ್ತಕ, ಆಮೇಲೆ ಪ್ರತಿವರ್ಷ ಬರುವ ಜಾತ್ರೆಯ ಕೆಲಸ. ಹಳೆಯ ಲಗ್ನಪತ್ರಿಕೆಗೆ ಪಿಡಿಎಫ್ ಸಾಕು.

ಪುಟ ಕಟ್ಟಲು? ಇನ್‌ಡಿಸೈನ್ ಬಳಸುವವರು ಅದರಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಎಂಬುದನ್ನು ಆರಿಸಿಕೊಳ್ಳಬೇಕು, ಇಲ್ಲದಿದ್ದರೆ ಒತ್ತಕ್ಷರ ಒಡೆಯುತ್ತದೆ. ಬಾಡಿಗೆ ಬೇಡ ಎಂದವರಿಗೆ ಸ್ಕ್ರೈಬಸ್ ಇದೆ, 2024ರ ಜನವರಿಯಲ್ಲಿ ಅದರ 1.6 ಆವೃತ್ತಿ ಬಂದಿದೆ, ಕನ್ನಡವನ್ನು ಸರಿಯಾಗಿ ಕೂರಿಸುತ್ತದೆ, ಲೈಸೆನ್ಸ್ ಸಾಗಿಸುವ ಪ್ರಶ್ನೆಯೇ ಇಲ್ಲ. ಫಾಂಟಿಗೆ ನೋಟೋ ಸೆರಿಫ್, ಬಾಲೂ ತಮ್ಮ, ಅಕಾಯ ಕನ್ನಡಕ, ಹುಬ್ಬಳ್ಳಿ ಎಂಬ ಮುಕ್ತ ಫಾಂಟುಗಳಿವೆ, ಎಷ್ಟು ಯಂತ್ರಕ್ಕಾದರೂ ಹಾಕಿ. ಶ್ರೀಲಿಪಿ, ಆಕೃತಿಯವರ ಬಳಿ ಇದ್ದಷ್ಟು ಬಗೆಬಗೆಯ ಶೀರ್ಷಿಕೆಯ ಅಕ್ಷರ ಇವುಗಳಲ್ಲಿ ಇನ್ನೂ ಇಲ್ಲ, ಸುಳ್ಳು ಹೇಳುವುದಿಲ್ಲ. ಲಗ್ನಪತ್ರಿಕೆಯ ಗಿರಾಕಿಗೆ ಡೊಂಕು ಬಳ್ಳಿಯ ಅಕ್ಷರವೇ ಬೇಕು. ಚಿತ್ರ ಬರೆಯುವ ಕೈಯಿರುವವರು ನಿಮ್ಮಲ್ಲಿ ಇದ್ದರೆ ಫಾಂಟ್ ಮಾಡುವುದನ್ನು ಕಲಿಯಿರಿ. ನಮ್ಮ ಸೀಮೆಯ ಹೆಸರಿನ ಫಾಂಟೊಂದು ಬರಲಿ. ಭೀಮಾ ಎಂದಿಡಿ, ಅಮರ್ಜಾ ಎಂದಿಡಿ.

ನೀವು ಇಲ್ಲಿ ಗಣಕಯಂತ್ರದ ಕಂಪನಿಗಳಲ್ಲಿ ಕೂತವರು, ಡಿಟಿಪಿ ಅಂಗಡಿಯಲ್ಲಿ ದುಡಿಯುವವರು, ಕಾಲೇಜಿಗೆ ಹೋಗುವವರು. ದಸರೆಗೋ ದೀಪಾವಳಿಗೋ ಊರಿಗೆ ಬರುತ್ತೀರಿ. ಬಂದಾಗ ಒಂದು ದಿನ ನಿಮ್ಮ ಊರಿನ ಪ್ರೆಸ್ಸಿನೊಳಗೆ ಕಾಲಿಡಿ. "ಕಾಕಾ, ಹಳೇ ಯಂತ್ರ ಎಲ್ಲದ? ಲಾಕ್ ಎಲ್ಲದ? ಬಿಲ್ಲು ಎಲ್ಲದ?" ಎಂದು ಕೇಳಿ. ಚಹಾ ಅವರು ಕುಡಿಸುತ್ತಾರೆ. ಬರುವಾಗ ಒಂದು ಖಾಲಿ ಡಿಸ್ಕು, ಒಂದು ಯುಎಸ್‌ಬಿ ಕೇಸಿಂಗು, ಒಂದು ಐಡಿಇ ಅಡಾಪ್ಟರು ಬ್ಯಾಗಿನಲ್ಲಿ ಇರಲಿ. ಊರಲ್ಲಿ ಕಡೆಯದು ಸಿಗುವುದಿಲ್ಲ, ಸಿಕ್ಕರೂ ಹಬ್ಬದ ದಿನ ಅಂಗಡಿ ಬಾಗಿಲು ತೆರೆದಿರುವುದಿಲ್ಲ.

ಇನ್ನು ನೀವು ಕೇಳಿ, ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.